ಗೊತ್ತಿಲ್ಲದ ನಂಬರಿಗೆ ಮೂರು ಪ್ರಶ್ನೆ

ತಕ್ಕಡಿ ಸಾಹೇಬರಿಗೆ ಮೋಸ ಮಾಡುವುದು ಸುಲಭವಲ್ಲ ಎಂದು ಊರೆಲ್ಲ ಒಪ್ಪಿತ್ತು. ಒಪ್ಪದವರು ಸಿಕ್ಕರೆ ಸಾಹೇಬರೇ ಕೂರಿಸಿಕೊಂಡು ಒಪ್ಪಿಸುತ್ತಿದ್ದರು. ತೂಕ ಮತ್ತು ಅಳತೆ ಕಚೇರಿಯಲ್ಲಿ ಅವರು ಇಪ್ಪತ್ತೇಳು ವರ್ಷದಿಂದ ಇನ್ಸ್‌ಪೆಕ್ಟರು. ಅಂಗಡಿಗಳಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಸೀಸದ ಮೊಹರು ಒತ್ತುವುದು, ತಪ್ಪಿದ್ದರೆ ತಕ್ಕಡಿಯನ್ನೇ ಎತ್ತಿಕೊಂಡು ಬರುವುದು ಅವರ ಕೆಲಸ. ಆ ಹೆಸರು ಇಟ್ಟವರು ಅಂಗಡಿಯವರು. ಬೆನ್ನ ಹಿಂದೆ ಇಟ್ಟದ್ದು ಹೇಗೋ ಕಿವಿಗೆ ಬಿದ್ದು, ಇಷ್ಟವೂ ಆಗಿ, ಈಗ ಫೋನಿನಲ್ಲಿ ಅವರೇ ಹಾಗೆ ಪರಿಚಯ ಹೇಳಿಕೊಳ್ಳುತ್ತಿದ್ದರು.

ಮೋಸದ ಮೆಸೇಜುಗಳ ಕಾಲ ಬಂದಾಗ ಸಾಹೇಬರಿಗೆ ಎರಡನೇ ನೌಕರಿ ಸಿಕ್ಕಂತಾಯಿತು. ಪಾರ್ಸೆಲ್ ನಿಂತುಹೋಗಿದೆ, ಸಂಜೆ ಕರೆಂಟ್ ಕಟ್ ಆಗುತ್ತದೆ, ಬಹುಮಾನ ಬಂದಿದೆ, ಇಲ್ಲಿ ಒತ್ತಿ ಎಂದು ಯಾವುದೇ ಬರಲಿ, ಅವರು ಅಳಿಸುತ್ತಿರಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು ಉತ್ತರ ಬರೆಯುತ್ತಿದ್ದರು: "ತಮ್ಮ ಸಂದೇಶ ತಲುಪಿದೆ. ಖುದ್ದಾಗಿ ಬಂದು ಪರಿಶೀಲಿಸಲಾಗುವುದು." ಒಬ್ಬನೂ ಮರಳಿ ಬರೆಯಲಿಲ್ಲ. ಇದನ್ನು ಸಾಹೇಬರು ಗೆಲುವೆಂದು ಎಣಿಸಿದರು. "ಉತ್ತರ ಕೊಟ್ರೆ ಈ ನಂಬರ್ ಚಾಲ್ತೀಲಿದೆ ಅಂತ ಅವರಿಗೆ ಗೊತ್ತಾಗತ್ತೆ ಅಪ್ಪ, ಸುಮ್ನೆ ಬ್ಲಾಕ್ ಮಾಡಿ" ಎಂದು ಮಗಳು ಹೇಳಿದ್ದಳು. ಒಂದಕ್ಕೆ ಉತ್ತರ ಕೊಟ್ಟರೆ ಬೇರೆ ಮೂರು ಮೆಸೇಜು ಬರುತ್ತಿದ್ದದ್ದು ನಿಜ. ಸಾಹೇಬರ ಪ್ರಕಾರ ಅದು ಕಳ್ಳರು ಗಾಬರಿಯಾದದ್ದರ ಗುರುತು.

ಈಚೆಗೆ ಮೆಸೇಜುಗಳು ಊರಿನ ನಂಬರುಗಳಿಂದಲೇ ಬರತೊಡಗಿದ್ದವು. ದೂರದ ನಂಬರಾದರೆ ಜನ ಎಚ್ಚರದಿಂದ ಇರುತ್ತಾರೆ, ಮೊದಲ ನಾಲ್ಕು ಅಂಕಿ ತಮ್ಮದರ ಹಾಗೇ ಇದ್ದರೆ ಯಾರೋ ಗೊತ್ತಿದ್ದವರು ಎಂದು ಬಾಯಿ ಬಿಡುತ್ತಾರೆ ಎಂಬ ಕಳ್ಳರ ಲೆಕ್ಕಾಚಾರವನ್ನು ಸಾಹೇಬರು ಕಂಡುಹಿಡಿದರು. ಕಂಡುಹಿಡಿದದ್ದನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಹೊಸ ನಂಬರು, ಅವಸರ, ದಾಖಲೆ ಕೇಳುವುದು, ಈ ಮೂರರಲ್ಲಿ ಎರಡು ಇದ್ದರೆ ಮೋಸ ಎಂದು ಅದರ ಸಾರ. ಹೊಸ ನಂಬರಿನಿಂದ ಅವಸರವಾಗಿ ಮೊಮ್ಮಗು ಹುಟ್ಟಿದ ಸುದ್ದಿ ಕಳಿಸಿದ ಭಾವಮೈದುನನನ್ನು ಈ ನಿಯಮದ ಪ್ರಕಾರವೇ ಬ್ಲಾಕ್ ಮಾಡಿದ್ದರು. ಆ ಮಗು ಈಗ ಅಂಬೆಗಾಲಿಡುತ್ತಿದೆ. ಭಾವಮೈದುನ ಇನ್ನೂ ಮಾತು ಬಿಟ್ಟಿದ್ದಾನೆ.

ಇಂಥ ಸಾಹೇಬರ ಫೋನಿಗೆ ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹನ್ನೆರಡು ನಿಮಿಷ ಇದ್ದಾಗ ಒಂದು ಮೆಸೇಜು ಬಂತು.

"ಅಪ್ಪ, ನಾನು. ಬಸ್ಸಲ್ಲಿ ಬ್ಯಾಗ್ ಹೋಯ್ತು. ಫೋನ್, ಗುರುತಿನ ಚೀಟಿ ಎಲ್ಲಾ ಅದರಲ್ಲೇ ಇತ್ತು. ಇದು ಬೇರೆಯವರ ನಂಬರ್. ಬೀರುವಿನಲ್ಲಿ ನನ್ನ ಹಳೇ ಗುರುತಿನ ಚೀಟಿ ಇದೆ, ಫೋಟೋ ತೆಗೆದು ಕಳಿಸಿ. ಪ್ರಿಂಟ್ ತೋರಿಸಿದ್ರೆ ಒಳಗೆ ಬಿಡ್ತಾರಂತೆ. ಹತ್ತೂವರೆಗೆ ಗೇಟ್ ಹಾಕ್ತಾರೆ."

ಮಗಳು ಆರು ಗಂಟೆಗೇ ಮನೆ ಬಿಟ್ಟಿದ್ದಳು. ರೈಲು ಓಡಿಸುವ ಕೆಲಸಕ್ಕೆ ಆ ದಿನ ಪರೀಕ್ಷೆ. ಎರಡು ವರ್ಷ ಊಟದ ಮೇಜಿನ ಒಂದು ತುದಿಯನ್ನು ಪುಸ್ತಕಕ್ಕೆ ಬಿಟ್ಟುಕೊಟ್ಟು ಮನೆಯವರೆಲ್ಲ ಇನ್ನೊಂದು ತುದಿಯಲ್ಲಿ ಉಂಡಿದ್ದರು. ಅವಳಿಗೆ ಇಪ್ಪತ್ತೆಂಟು. ಮುಂದಿನ ಸಲದ ಹೊತ್ತಿಗೆ ವಯಸ್ಸು ಮೀರುತ್ತದೆ, ಇದೇ ಕೊನೆ. ಪರೀಕ್ಷೆ ನಡೆಯುವ ಜಾಗ ಊರಿನ ಆ ಕೊನೆಗೆ, ಸ್ಕೂಟರಿನಲ್ಲಿ ಹೋದರೂ ಒಂದು ಗಂಟೆ ದಾರಿ.

ಸಾಹೇಬರು ಮೆಸೇಜನ್ನು ಎರಡು ಸಲ ಓದಿ ಹೆಂಡತಿಯನ್ನು ಕರೆದರು. ಆಕೆ ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾರೆ. ಮಷಿನ್ನಿನ ಮುಂದಿನಿಂದ ಏಳದೆಯೇ "ಏನು" ಎಂದರು.

"ನಂಬರ್ ಹೊಸದು. ಅವಸರ ಇದೆ. ದಾಖಲೆ ಕೇಳ್ತಿದಾರೆ. ಮೂರಕ್ಕೆ ಮೂರೂ ಇದೆ" ಎಂದು ಸಾಹೇಬರು ಓದಿ ಹೇಳಿದರು. ಅವರ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು.

ಹೆಂಡತಿ ಮಗಳ ನಂಬರಿಗೆ ಫೋನ್ ಮಾಡಿದರು. ಸ್ವಿಚ್ ಆಫ್. "ಅವಳದೇ ಇರ್ಬೇಕು ರೀ. ಬೀರುವಿನ ಕೀಲಿ ಕೊಡಿ."

"ಮೊದಲು ಮಕ್ಕಳ ಫೋನ್ ಆಫ್ ಮಾಡಿಸ್ತಾರೆ, ಆಮೇಲೆ ಮನೆಯವರಿಗೆ ಮೆಸೇಜ್ ಹಾಕ್ತಾರೆ. ಇದು ಕಳ್ಳರ ಕ್ರಮ" ಎಂದರು ಸಾಹೇಬರು. ಕೀಲಿ ಅವರ ಅಂಗಿಯ ಜೇಬಿನಲ್ಲಿತ್ತು. ಮನೆಯ ಕಾಗದಪತ್ರಗಳ ಬೀರುವಿಗೆ ಇದ್ದದ್ದು ಅದೊಂದೇ ಕೀಲಿ.

ಅಷ್ಟರಲ್ಲಿ ಆ ನಂಬರಿನಿಂದಲೇ ಕರೆ ಬಂತು. ಸಾಹೇಬರು ಎತ್ತಿ ಕಿವಿಗಿಟ್ಟುಕೊಂಡರು. "ಅಪ್ಪ, ಬೇಗ ಕಳಿಸಿ, ಪ್ಲೀಸ್" ಎಂದಿತು ಮಗಳ ದನಿ. ಕೊನೆಯಲ್ಲಿ ಅಳುವೂ ಇತ್ತು. ಸಾಹೇಬರು ಕರೆ ಕತ್ತರಿಸಿದರು.

"ಅವಳೇ ತಾನೆ?" ಎಂದರು ಹೆಂಡತಿ.

"ದನಿ ಅವಳದೇ. ಈಗ ದನೀನೂ ತಯಾರು ಮಾಡ್ತಾರೆ. ಅಳೋದನ್ನೂ ಹಾಕಿದಾರೆ, ಮೆಚ್ಚಬೇಕು."

ಹೆಂಡತಿ ಅವರನ್ನು ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಈ ನೋಟಕ್ಕೆ ಸಾಹೇಬರು ಒಗ್ಗಿಹೋಗಿದ್ದರು. "ಹಾಗಾದ್ರೆ ಅವಳಿಗೆ ಮಾತ್ರ ಗೊತ್ತಿರೋದು ಏನಾದ್ರೂ ಕೇಳಿ. ಬೇಗ ಕೇಳಿ" ಎಂದರು ಹೆಂಡತಿ.

ಈ ಮಾತು ಸಾಹೇಬರಿಗೆ ಹಿಡಿಸಿತು. ತಕ್ಕಡಿ ಪರೀಕ್ಷಿಸುವುದೂ ಹಾಗೆಯೇ. ಎಷ್ಟು ತೂಕವೆಂದು ನಮಗೆ ಮೊದಲೇ ಗೊತ್ತಿರುವ ವಸ್ತುವನ್ನು ಇಟ್ಟು ತಕ್ಕಡಿ ಏನು ಹೇಳುತ್ತದೆಂದು ನೋಡಬೇಕು. ತಟ್ಟೆಯ ನಡುವೆ ಒಂದು ಸಲ, ಎರಡೂ ಅಂಚಿನಲ್ಲಿ ಒಂದೊಂದು ಸಲ, ಒಟ್ಟು ಮೂರು. ಅವರು ಕುರ್ಚಿ ಎಳೆದುಕೊಂಡು ಕೂತು ಮೊದಲನೇ ಪ್ರಶ್ನೆ ಕಳಿಸಿದರು: "ಹುಟ್ಟಿದ ದಿನಾಂಕ ತಿಳಿಸಿ."

ಉತ್ತರ ಬಂತು. ಸರಿಯಾಗಿತ್ತು. ಬ್ಯಾಗು ಕದ್ದವನಿಗೆ ಗುರುತಿನ ಚೀಟಿಯಲ್ಲೇ ಅದು ಸಿಗುತ್ತದೆ ಎಂದು ಸಾಹೇಬರು ಅದನ್ನು ತಳ್ಳಿಹಾಕಿದರು. ಎರಡನೆಯದಾಗಿ, ಮನೆಯಲ್ಲಿ ಹಿಂದೆ ಇದ್ದ ಬೆಕ್ಕಿನ ಹೆಸರು ಕೇಳಿದರು. "ಜಮೇದಾರ. ಅಪ್ಪ, ಟೈಮ್ ಇಲ್ಲ" ಎಂದು ಬಂತು. ಆ ಬೆಕ್ಕಿನ ಫೋಟೋವನ್ನು ಹೆಸರಿನ ಸಮೇತ ಮಗಳು ಎಲ್ಲರಿಗೂ ಕಾಣುವಂತೆ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಳು. ಅದೂ ತಳ್ಳಿಹೋಯಿತು. ಗಂಟೆ ಹತ್ತು ದಾಟಿ ಏಳು ನಿಮಿಷವಾಗಿತ್ತು.

"ಇನ್ನೊಂದೇ" ಎಂದರು ಹೆಂಡತಿ. ಆ ಒಂದು ಶಬ್ದ ಗಟ್ಟಿಯಾಗಿಯೇ ಬಂತು.

ಚೀಟಿಯಲ್ಲೂ ಇಲ್ಲದ, ಫೋಟೋದಲ್ಲೂ ಇಲ್ಲದ ಸಂಗತಿ ಬೇಕಿತ್ತು. ಸಾಹೇಬರಿಗೆ ಹೊಳೆಯಿತು. ಹತ್ತೊಂಬತ್ತು ವರ್ಷದ ಕೆಳಗೆ ಕಚೇರಿಯ ಪೆಟ್ಟಿಗೆಯಿಂದ ಇಪ್ಪತ್ತು ಗ್ರಾಮಿನ, ಹಿತ್ತಾಳೆಯ ತೂಕದ ಬಟ್ಟೊಂದು ಕಳೆದಿತ್ತು. ಸರ್ಕಾರಿ ಅಳತೆಯ ಬಟ್ಟು, ಬೆವರು ತಗುಲಿ ತೂಕ ಬದಲಾದೀತೆಂದು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಇನ್ಸ್‌ಪೆಕ್ಟರು ಕಳೆದರೆ ಸಸ್ಪೆಂಡ್. ಆದರೆ ಅದನ್ನು ಕಳೆದದ್ದು ಒಂಬತ್ತು ವರ್ಷದ ಮಗಳು, ಆಟಕ್ಕೆ ತೆಗೆದುಕೊಂಡು ಹೋಗಿ. ಹಾಗಾಗಿ ಎಚ್ಚರಿಕೆ ಕೊಟ್ಟು ಬಿಟ್ಟರು. ಮಗಳನ್ನು ಸಾಹೇಬರು ಮೇಲಧಿಕಾರಿಯ ಕೋಣೆಗೇ ಕರೆದುಕೊಂಡು ಹೋಗಿದ್ದರು. ಅವಳು ಮೇಜಿನ ಮುಂದೆ ನಿಂತು "ನಾನೇ ಕಳ್ದೆ ಸಾರ್" ಎಂದಾಗ ಅಧಿಕಾರಿ ನಕ್ಕು ಒಂದು ಚಾಕ್ಲೇಟ್ ಕೊಟ್ಟರು. ನೆಂಟರ ಮದುವೆಗಳಲ್ಲಿ ಸಾಹೇಬರು ಈ ಕಥೆ ಹೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಮಗಳೂ ಎಲ್ಲರ ಜೊತೆ ನಗುತ್ತಿದ್ದಳು.

"ಇಪ್ಪತ್ತು ಗ್ರಾಂ ಬಟ್ಟನ್ನು ಕಳೆದವರು ಯಾರು?" ಎಂದು ಬರೆದು ಕಳಿಸಿದರು.

ಈ ಸಲ ಉತ್ತರ ತಡವಾಯಿತು. ಆಮೇಲೆ ಒಂದೇ ಶಬ್ದ ಬಂತು.

"ನೀವು."

"ಸಿಕ್ಕಿಬಿದ್ದ" ಎಂದರು ಸಾಹೇಬರು. ಫೋನನ್ನು ಹೆಂಡತಿಯ ಕಡೆ ಹಿಡಿದರು. "ನೋಡು. ಉತ್ತರ 'ನಾನು' ಅಂತ ಬರಬೇಕಿತ್ತು. ಚಾಪೆ ಕೆಳಗೆ ನುಸುಳಿದ್ರೆ ರಂಗೋಲಿ ಕೆಳಗೆ ನುಸುಳ್ತೀನಿ ನಾನು." ಹೆಂಡತಿ ಮಷಿನ್ ಬಿಟ್ಟು ಎದ್ದು ಬಂದರು. ಹಾಗಾದರೆ ಮಗಳು ಎಲ್ಲಿ, ಅವಳ ಫೋನು ಯಾಕೆ ಆಫ್ ಆಗಿದೆ ಎಂದು ಆಕೆ ಕೇಳುವಷ್ಟರಲ್ಲಿ ಇನ್ನೊಂದು ಮೆಸೇಜು ಬಂತು. ಸಾಹೇಬರು ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು.

"ಸೇತುವೆ ಹತ್ರ ಸ್ಕೂಟರ್ ನಿಲ್ಲಿಸಿ ಮೂಗು ಒರೆಸೋಕೆ ಕರ್ಚೀಫ್ ಎಳೆದ್ರಿ. ಅದರ ಜೊತೆ ಜೇಬಲ್ಲಿದ್ದ ಬಟ್ಟು ಚರಂಡಿಗೆ ಬಿತ್ತು. ನಾನು ಮುಂದೆ ನಿಂತಿದ್ದೆ, ನೋಡ್ದೆ. ಪುಟ್ಟಿ, ನೀನು ಕಳ್ದೆ ಅಂತ ಹೇಳೋಣ, ಚಿಕ್ಕವರಿಗೆ ಏನೂ ಮಾಡಲ್ಲ ಅಂದ್ರಿ. ಅಮ್ಮಂಗೂ ಹೇಳ್ಬೇಡ ಅಂದ್ರಿ. ನಾನು ಯಾರಿಗೂ ಹೇಳಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಾಹೇಬರ ಕೈ ತಾನಾಗಿ ಪ್ಯಾಂಟಿನ ಜೇಬಿನ ಕರ್ಚೀಫಿಗೆ ಹೋಯಿತು.

ಅವರು ಇಷ್ಟು ವರ್ಷ ಸುಳ್ಳು ಹೇಳುತ್ತಿದ್ದೇನೆ ಎಂದು ತಿಳಿದು ಹೇಳುತ್ತಿದ್ದರು ಎಂದರೆ ಅನ್ಯಾಯವಾದೀತು. ಮೊದಲ ವರ್ಷ ಅದು ಸುಳ್ಳಾಗಿತ್ತು. ಐದನೇ ವರ್ಷಕ್ಕೆ ಅಭ್ಯಾಸವಾಗಿತ್ತು. ನಾಲ್ಕಾರು ಮದುವೆ ಕಳೆಯುವ ಹೊತ್ತಿಗೆ ನೆನಪೇ ಆಗಿಹೋಗಿತ್ತು. ಚರಂಡಿಯ ನೀರಿನ ಮೇಲೆ ಬಗ್ಗಿ ನಿಂತ ತಮ್ಮನ್ನು ಅವರು ಇವತ್ತು ಮತ್ತೆ ಕಂಡರು. ಪಕ್ಕದಲ್ಲಿ ಎರಡು ಜಡೆಯ ಹುಡುಗಿ ನಿಂತಿದ್ದಳು. ಅವರಿಗೆ ನಾಚಿಕೆಯಾಯಿತು. ಆ ನಾಚಿಕೆ ಹೊಸದಲ್ಲ, ಹತ್ತೊಂಬತ್ತು ವರ್ಷ ಹಳೆಯದು, ಎಲ್ಲೂ ಸವೆದಿರಲಿಲ್ಲ.

ಇನ್ನೂ ಒಂದು ಸಂಗತಿ ಅವರಿಗೆ ಹೊಳೆಯಿತು. ಬಟ್ಟಿನ ಕಥೆ ನೆಂಟರಿಗೆಲ್ಲ ಗೊತ್ತು. ಅದನ್ನು ಕೇಳಿಸಿಕೊಂಡ ಯಾವ ಕಳ್ಳನಾದರೂ 'ನಾನು' ಎಂದೇ ಬರೆಯುತ್ತಿದ್ದ. 'ನೀವು' ಎನ್ನಬಲ್ಲ ಜೀವ ಇಡೀ ಲೋಕದಲ್ಲಿ ಒಂದೇ.

"ಏನಂತೆ?" ಎಂದರು ಹೆಂಡತಿ.

ಗಂಟೆ ಹತ್ತು ಹದಿನಾಲ್ಕು. ಕಳ್ಳ, ಏನೋ ಬಾಯಿಗೆ ಬಂದದ್ದು ಬರೆದಿದ್ದಾನೆ ಎಂದು ಅಳಿಸಿಬಿಟ್ಟರೆ ಮುಗಿಯಿತು. ಫ್ರಿಜ್ಜಿನ ಬಾಗಿಲ ಮೇಲಿನ ಕಾಗದವೂ ಅದನ್ನೇ ಹೇಳುತ್ತದೆ, ಮುಂದಿನ ಮದುವೆಗೂ ಕಥೆ ಉಳಿಯುತ್ತದೆ. ಮಗಳು ಗೇಟಿನ ಹೊರಗೆ ಉಳಿಯುತ್ತಾಳೆ. ಸಾಹೇಬರು ಹೀಗೆ ಯೋಚಿಸಿದ್ದು ಒಂದು ಕ್ಷಣ ಮಾತ್ರ. ಆದರೆ ಯೋಚಿಸಿದ್ದು ಹೌದು.

"ಉತ್ತರ ಸರಿ ಇದೆ" ಎಂದರು. ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಹೆಂಡತಿ ಕೀಲಿಗೆ ಕೈ ಹಾಕುವ ಮೊದಲು ಫೋನನ್ನೂ ಅದರ ಪಕ್ಕದಲ್ಲಿಟ್ಟರು, ಮೆಸೇಜು ಕಾಣುವ ಹಾಗೆ.

ಆಕೆ ನಿಂತೇ ಓದಿದರು. ಬೀರು ತೆಗೆದು, ಹಳೇ ಚೀಟಿ ಹುಡುಕಿ, ಕಿಟಕಿಯ ಬೆಳಕಿನಲ್ಲಿ ಹಿಡಿದು ಎರಡು ಕಡೆಯ ಫೋಟೋ ತೆಗೆದು ಕಳಿಸಿದರು. ಮೊದಲನೆಯದರಲ್ಲಿ ಅವರ ಹೆಬ್ಬೆರಳು ಬಂದಿತ್ತು. ಇನ್ನೊಂದು ತೆಗೆದರು. ಹತ್ತು ಇಪ್ಪತ್ತೊಂದಕ್ಕೆ "ಬಂತು" ಎಂದು ಉತ್ತರ, ಹತ್ತು ಇಪ್ಪತ್ನಾಲ್ಕಕ್ಕೆ "ಪ್ರಿಂಟ್ ಆಯ್ತು, ಹೋಗ್ತಿದೀನಿ" ಎಂದು ಇನ್ನೊಂದು. ಆಮೇಲೆ ಏನೂ ಬರಲಿಲ್ಲ.

ಹೆಂಡತಿ ಮಷಿನ್ನಿನ ಮುಂದೆ ಹೋಗಿ ಕೂತರು. ಕಾಲು ಪೆಡಲಿನ ಮೇಲಿತ್ತು, ತುಳಿಯಲಿಲ್ಲ.

"ಅವತ್ತು ನಾನು ಅವಳಿಗೆ ಹೊಡೆದೆ" ಎಂದರು. "ಅವಳು ಅಳಲಿಲ್ಲ. ಮೊಂಡುತನ ಅಂದ್ಕೊಂಡು ಇನ್ನೊಂದು ಹೊಡೆದೆ."

ಆ ಏಟು ಬೀಳುವಾಗ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದವರು ಸಾಹೇಬರೇ. ಮಗು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಅದೇ ರಾತ್ರಿ ಅವರ ಪಕ್ಕದಲ್ಲಿ ಕೂತು ಉಂಡಿತ್ತು. ಅವರು ಫೋನ್ ಎತ್ತಿಕೊಂಡು ಬರೆದರು: "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ತುಸು ಹೊತ್ತಿಗೆ ಉತ್ತರ ಬಂತು. "ಸಾರ್, ನಾನು ಜೆರಾಕ್ಸ್ ಅಂಗಡಿಯವನು, ಇದು ನನ್ನ ಫೋನು. ನಿಮ್ಮ ಮಗಳು ಒಳಗೆ ಹೋದ್ರು. ಗೇಟ್ ಹಾಕೋಕೆ ಎರಡು ನಿಮಿಷ ಇತ್ತು ಅಷ್ಟೆ. ಒಂದು ಗಂಟೆಗೆ ಹೊರಗೆ ಬರ್ತಾರೆ. ಏನಾದ್ರೂ ಹೇಳ್ಬೇಕಾ?"

ಮುಖ ನೋಡದ ಮನುಷ್ಯ, ಊರಿನ ನಂಬರು. ಕೇಳಿದ್ದಕ್ಕಿಂತ ಹೆಚ್ಚು ಮಾಹಿತಿ ಕೊಡಬಾರದೆಂದು ಬೇರೆಯವರಿಗಾದರೆ ಸಾಹೇಬರು ಹೇಳುತ್ತಿದ್ದರು. ಅವರು ಕನ್ನಡಕ ಒರೆಸಿಕೊಂಡು, ಕಚೇರಿಯ ಭಾಷೆ ಬಿಟ್ಟರೆ ಬೇರೆ ಬಾರದವರಂತೆ, ನಿಧಾನವಾಗಿ ಬರೆದರು: "ಬಟ್ಟನ್ನು ಕಳೆದದ್ದು ಅಪ್ಪನೇ ಎಂದು ಆಕೆಗೆ ತಿಳಿಸುವುದು." ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದರು.

"ಅಮ್ಮಂಗೂ ಗೊತ್ತಾಯ್ತು ಅಂತ ಸೇರಿಸಿ" ಎಂದರು ಹೆಂಡತಿ.

ಸೇರಿಸಿದರು.

"ನಾನು ಹೊಡೆದದ್ದು ತಪ್ಪಾಯ್ತು ಅಂತಾನೂ."

ಸಾಹೇಬರು ಅದನ್ನೂ ಬರೆದರು. ಕಳಿಸುವ ಮೊದಲು ಪೂರ್ತಿ ಓದಿದಾಗ, ತಪ್ಪಾಯ್ತು ಎನ್ನುವ ಮಾತು ಹೆಂಡತಿಯ ಸಾಲಿನಲ್ಲಿ ಮಾತ್ರ ಇತ್ತು. ಮೇಲಿನ ತಮ್ಮ ಸಾಲಿಗೆ ಹೋಗಿ, ಅಲ್ಲೂ ಅದನ್ನು ಬರೆದು, ಕಳಿಸಿದರು.