ವ್ಯಾಸಪೀಠ ಕೇಳಿಸಿಕೊಂಡ ‘ಬಾರೆ’

ನಾನು ಒಂದೋ, ಎರಡೋ? ಈ ಅನುಮಾನ ನನ್ನನ್ನು ಇನ್ನೂ ಬಿಟ್ಟಿಲ್ಲ. ಮಡಿಸಿದರೆ ಒಂದೇ ಹಲಗೆ. ಬಿಡಿಸಿದರೆ ಕತ್ತರಿಯಂತೆ ಒಂದನ್ನೊಂದು ಹಾದು ನಿಲ್ಲುವ ಎರಡು. ಪುಸ್ತಕ ತೆರೆದಿಟ್ಟು ಓದಲೆಂದು ಮಾಡಿದ ಮರದ ಪೀಠ ನಾನು. ಜನ ನನ್ನನ್ನು ವ್ಯಾಸಪೀಠ ಎನ್ನುತ್ತಾರೆ.

ನಾನು ಹುಟ್ಟಿದ್ದು ತುಮಕೂರಿನಲ್ಲಿ, ಬಡಗಿ ಕಾಳಾಚಾರಿಯ ಕೈಯಲ್ಲಿ. ಹಲಸಿನ ಹಲಗೆಯೊಂದನ್ನು ಎರಡು ಪದರವಾಗಿ ಸೀಳಿ, ನಡುವೆ ಬೆರಳಿಗೆ ಬೆರಳು ಹೆಣೆದಂತೆ ಕಚ್ಚು ಕೊರೆದು, ಒಂದು ಮೊಳೆಯನ್ನೂ ಹೊಡೆಯದೆ ನನ್ನನ್ನು ಮಾಡಿದ. ಕೊಳ್ಳಲು ಬಂದ ಜಿನದತ್ತಯ್ಯನವರು ಎರಡು ತುದಿ ಹಿಡಿದು ಎಳೆದು ನೋಡಿದರು.

“ಬಿಟ್ಕೊಳ್ಳಲ್ಲ ತಾನೆ ಆಚಾರ್ರೇ?”

“ಎಳೆದ್ರೆ ಬಿಡಲ್ಲ ಸ್ವಾಮಿ. ಬೇರೆ ಮಾಡ್ಬೇಕು ಅಂದ್ರೆ ಒಡೀಬೇಕು.”

ಅವರು ನನ್ನನ್ನು ಕೊಂಡದ್ದು ಮಗಳು ವಿಮಲೆಯ ಮದುವೆಗೆ. “ಮಂಚ, ಬೀರು ಎಲ್ಲರೂ ಕೊಡ್ತಾರಮ್ಮ. ಇದು ನಿನ್ನ ಕಂಠಕ್ಕೆ” ಎಂದರು. ವಿಮಲಮ್ಮ ಹಳೆಯ ಕಾವ್ಯಗಳನ್ನು ಎದುರಿಗಿಟ್ಟುಕೊಂಡು ರಾಗವಾಗಿ ವಾಚಿಸುವುದನ್ನು ಬಾಲ್ಯದಲ್ಲೇ ಕಲಿತಿದ್ದರು.

ಹೀಗೆ ನಾನು ಅವರ ಗಂಡ ಧರಣೇಂದ್ರಯ್ಯನವರ ಮನೆ ಸೇರಿದೆ. ಅವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಭಾನುವಾರ ಸಂಜೆ ಬೀದಿಯವರೆಲ್ಲ ಜಗಲಿಯಲ್ಲಿ ಸೇರುತ್ತಿದ್ದರು. ನನ್ನ ಮೇಲೆ ಮುಖಪುಟ ಹರಿದುಹೋದ ಒಂದು ಹಳೆಯ ಕಾವ್ಯ. ವಿಮಲಮ್ಮ ಹಾಡುವರು, ಮೇಷ್ಟ್ರು ಅರ್ಥ ಹೇಳುವರು. ಅವರ ಅರ್ಥ ಪುಸ್ತಕದೊಳಗೆ ಉಳಿಯುತ್ತಿರಲಿಲ್ಲ. ರಾಜ್ಯದ ಹಂಚಿಕೆ ಅಣ್ಣತಮ್ಮಂದಿರ ಸೈಟಿಗೆ ಬರುತ್ತಿತ್ತು, ವನವಾಸ ಟ್ರಾನ್ಸ್‌ಫರ್ ಆರ್ಡರಿಗೆ.

ಒಮ್ಮೆ ಇಬ್ಬರು ರಾಣಿಯರ ಜಗಳದ ಭಾಗ ಬಂತು. ನಲ್ಲಿಯ ಹತ್ತಿರ ಬಿಂದಿಗೆಗೆ ಬಿಂದಿಗೆ ತಾಕಿಸಿಕೊಂಡು ಮಾತು ಬಿಟ್ಟಿದ್ದ ನಿಂಗಮ್ಮ, ಗೌರಮ್ಮ ಇಬ್ಬರೂ ಎದುರಿಗೇ ಇದ್ದರು.

“ಇವರಿಗೆ ಬೇಕಾಗಿದ್ದು ರಾಜ ಅಲ್ಲ ಕಣ್ರಮ್ಮ, ಮೊದಲನೇ ಸರದಿ” ಎಂದರು ಮೇಷ್ಟ್ರು.

“ಅವರಿಗೆ ರಾಜನಾದ್ರೂ ಇದ್ದ ಮೇಷ್ಟ್ರೇ. ನಮ್ಮ ನಲ್ಲೀಲಿ ನೀರೇ ಇಲ್ಲ!” ಎಂದಳು ನಿಂಗಮ್ಮ. ಮೊದಲು ನಕ್ಕವಳು ಗೌರಮ್ಮ. ಮಾರನೆಯ ದಿನ ಒಬ್ಬರ ಬಿಂದಿಗೆಯನ್ನು ಇನ್ನೊಬ್ಬರು ಹಿಡಿದರಂತೆ.

ಊರವರ ಗಂಟುಗಳನ್ನು ಹೀಗೆ ಬಿಡಿಸುತ್ತಿದ್ದ ಮೇಷ್ಟ್ರು, ನನ್ನನ್ನು ಮಡಿಸಿ ಗೋಡೆಗೆ ಒರಗಿಸಿದ ಮೇಲೆ ಮಾತು ಮರೆತವರಂತೆ ಇರುತ್ತಿದ್ದರು. ಆಮೇಲೆ ಆ ಮನೆಯಲ್ಲಿ ಕೇಳುತ್ತಿದ್ದುದು ತಟ್ಟೆ ಲೋಟದ ಸದ್ದು ಮಾತ್ರ.

ಅವರು ನಿವೃತ್ತರಾದ ಮೇಲಿನ ಮಾತು. ಮುನಿಸಿಕೊಂಡು ಕಾಡು ಸೇರಿದ ರಾಣಿಯನ್ನು ಹುಡುಕುತ್ತ ರಾಜ ಬರುವ ಪದ್ಯ. ‘ಬಾರೆ ನೀನಿನ್ನೆನ್ನ ಮನೆಗೆ’ ಎಂಬ ಸಾಲನ್ನು ವಿಮಲಮ್ಮ ‘ಬಾರೇ’ ಎಂದು ಮೆಲ್ಲಗೆ ಎಳೆದು, ಕೈಹಿಡಿದು ಕರೆಯುವಂತೆ ಹಾಡಿದರು. ಮೇಷ್ಟ್ರು ಕೈ ಎತ್ತಿ ತಡೆದರು.

“ಅದು ಕರೆಯೋದಲ್ಲ. ಹಳಗನ್ನಡದಲ್ಲಿ ‘ನೀನು ಬಾರೆ’ ಅಂದ್ರೆ ನೀನು ಬರೋದಿಲ್ಲ ಅಂತ. ರಾಜ ಆಸೆ ಬಿಟ್ಟು ಹೇಳ್ತಿದಾನೆ. ನೀನು ಅಡುಗೆಮನೆಗೆ ಕರೆದ ಹಾಗೆ ಹಾಡಿದ್ರೆ?”

ಜನ ನಕ್ಕರು. ವಿಮಲಮ್ಮ ನನ್ನ ಮೇಲಿನ ಪುಸ್ತಕವನ್ನು ಮುಚ್ಚಿದರು.

“ನೀವು ಅಡುಗೆಮನೆಗಾದ್ರೂ ನನ್ನನ್ನ ಒಂದಿನ ಕರೆದಿದ್ರೆ ವ್ಯತ್ಯಾಸ ತಿಳೀತಿತ್ತು” ಎಂದರು.

ಆ ವಾರವೇ ಹಾಸನದಲ್ಲಿ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಹೊರಟರು. ಗೃಹಪ್ರವೇಶ ಮುಗಿಯಿತು, ಅವರು ಬರಲಿಲ್ಲ. ಬೆಳಿಗ್ಗೆ ಫೋನು ಮಾತ್ರ ಬರುತ್ತಿತ್ತು. ಹಾಲು ಬಂತಾ, ಬಂತು. ಮಾತ್ರೆ ತಗೊಂಡ್ರಾ, ತಗೊಂಡೆ. ಆಮೇಲೂ ಫೋನು ಇಡುತ್ತಿರಲಿಲ್ಲ. ವಿಮಲಮ್ಮ ಕಾಯುತ್ತಿದ್ದದ್ದು ‘ಬಾ’ ಎಂಬ ಒಂದು ಪದಕ್ಕೆ. ಅದು ಮೇಷ್ಟ್ರಿಗೂ ಗೊತ್ತಿತ್ತು.

ಮಧ್ಯಾಹ್ನ ಬೀದಿ ಸದ್ದಡಗಿದಾಗ ಮೇಷ್ಟ್ರು ನನ್ನನ್ನು ಬಿಡಿಸಿ, ಅದೇ ಪುಟ ತೆರೆದು ಕೂರುತ್ತಿದ್ದರು. ಮೊದಲು ನಿಘಂಟು ನೋಡಿದರು. ಆಮೇಲೆ ವ್ಯಾಕರಣ. ಒಂದು ದಿನ ಎರಡನ್ನೂ ಪಕ್ಕಕ್ಕಿಟ್ಟು, ಬಾಗಿಲು ಮುಂದೆ ಮಾಡಿ, ಹಾಡಿದರು. ಜೀವನದಲ್ಲಿ ಹಾಡಿದವರಲ್ಲ, ದನಿ ಒಡಕು. ಆದರೆ ಧಾಟಿ ಪೂರ್ತಿ ವಿಮಲಮ್ಮನದು. ‘ಬಾರೇ’ ಎಂದು ಎಳೆದು, ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಮೊದಲಿಂದ. ಮಾರನೆಯ ದಿನವೂ ಹಾಗೆಯೇ. ಆಮೇಲೆ ಅದು ನಿತ್ಯದ ಅಭ್ಯಾಸವಾಯಿತು.

“ಯಾಕ್ರೀ, ಗಂಟಲು ಕಟ್ಟಿದ ಹಾಗಿದೆ?” ಎಂದು ಫೋನಿನಲ್ಲಿ ವಿಮಲಮ್ಮ ಕೇಳಿದರು.

“ನೆಗಡಿ.”

“ಮೆಣಸಿನ ಕಷಾಯ ಮಾಡ್ಕೊಳ್ಳಿ.”

“ಹೂಂ.”

ಭಾನುವಾರ ಜಗಲಿಯಲ್ಲಿ ನಿಂಗಮ್ಮ ಬಿಡಲಿಲ್ಲ. “ಆ ರಾಜ ಕರೆದ್ನಾ, ಇಲ್ವಾ? ಒಂದು ಹೇಳಿ ಮೇಷ್ಟ್ರೇ.”

“ಸಾಲು ಎರಡಕ್ಕೂ ಒಪ್ಪುತ್ತೆ” ಎಂದರು ಅವರು ನಿಧಾನವಾಗಿ. “ವಿಮಲ ಹಾಡಿದ್ದೂ ಸರೀನೇ.”

“ಇದನ್ನ ನಮಗೆ ಹೇಳಿ ಏನು ಬಂತು? ಫೋನು ಇರೋದು ಯಾಕೆ?”

ಮೇಷ್ಟ್ರು ಕನ್ನಡಕ ಒರೆಸಿ ಪುಟ ತಿರುವಿದರು. ನಿಂಗಮ್ಮನೇ ಹಾಸನಕ್ಕೆ ಫೋನು ಮಾಡಿರಬೇಕು. ಎರಡು ದಿನ ಬಿಟ್ಟು ಗೇಟು ಸದ್ದಾಯಿತು. ಮೇಷ್ಟ್ರು ಎದ್ದು ನಿಂತರು. ತುಟಿ ತೆರೆಯಿತು.

“ಬಸ್ಸಲ್ಲಿ ಸೀಟು ಸಿಕ್ತಾ?”

“ಕಿಟಕಿ ಪಕ್ಕಾನೇ. ನೆಗಡಿ ಹೇಗಿದೆ?”

“ಪರವಾಗಿಲ್ಲ.”

ವಿಮಲಮ್ಮ ಮತ್ತೆ ಹಾಡಿದರು, ವರ್ಷಗಟ್ಟಲೆ. ಆ ಸಾಲು ಬಂದಾಗೆಲ್ಲ ತಮ್ಮ ಧಾಟಿಯಲ್ಲೇ ಹಾಡಿದರು. ಮೇಷ್ಟ್ರು ಮತ್ತೆಂದೂ ಕೈ ಎತ್ತಲಿಲ್ಲ.

ಈಗ ಮೇಷ್ಟ್ರಿಲ್ಲ. ನನ್ನ ಒಂದು ಅಂಚು ಇಲಿ ಕಡಿದು ಹೋಗಿದೆ. ಕಿಟಕಿಯ ಮೂಲೆಯಲ್ಲಿ ಮೊಬೈಲು ಹೊತ್ತು ನಿಂತಿರುತ್ತೇನೆ. ಅದರೊಳಗಿಂದ ದೂರದೂರದ ಹೆಣ್ಣುಮಕ್ಕಳು ವಿಮಲಮ್ಮನಿಂದ ವಾಚನ ಕಲಿಯುತ್ತಾರೆ. ಕಾವ್ಯಕ್ಕಿಂತ ಈ ಮೊಬೈಲು ಹಗುರ. ಆದರೂ ಬರುವ ಪ್ರಶ್ನೆಗಳು ಆಗಿನವೇ.

ಮೊನ್ನೆ ಒಬ್ಬಳು ಕೇಳಿದಳು: “ಆಂಟಿ, ಇಲ್ಲಿ ರಾಜ ಬಾ ಅಂತಾನಾ, ಬರಲ್ಲ ಅಂತಾನಾ?”

“ನಮ್ಮನೆಯವರು ಎರಡೂ ಸರಿ ಅಂದಿದ್ರಂತೆ” ಎಂದರು ವಿಮಲಮ್ಮ. ಆಮೇಲೆ, “ಕರೆದ ಅಂತಲೇ ಇಟ್ಕೊಳ್ಳಮ್ಮ. ಕೇಳಿಸದೇ ಇದ್ದಿರಬಹುದು” ಎಂದರು.

ಮರಕ್ಕೆ ಬಾಯಿಲ್ಲ. ಎಷ್ಟೋ ಮಾತುಗಳನ್ನು ಹೊತ್ತ ನಾನು ಒಂದನ್ನೂ ದಾಟಿಸಲಾರೆ. ಆ ಮಧ್ಯಾಹ್ನಗಳಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಆ ಸಾಲನ್ನು ವಿಮಲಮ್ಮನ ಧಾಟಿಯಲ್ಲೇ ಹಾಡುತ್ತಿದ್ದುದನ್ನು ಧರಣೇಂದ್ರಯ್ಯನವರು ಹೆಂಡತಿಗೆ ಎಂದೂ ಹೇಳಲಿಲ್ಲ.