ವನಜಾಕ್ಷಿ ಗಂಜಿಯ ಹಾಕಿ ಸ್ಟಿಕ್

ನಾನು ಒಂದು ಹಾಕಿ ಸ್ಟಿಕ್. ಹಿಪ್ಪುನೇರಳೆ ಮರದವಳು. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಮರವೇ ನನ್ನ ತಾಯಿ. ದೂರದ ಜಲಂಧರದ ಒಂದು ಕಾರ್ಖಾನೆಯಲ್ಲಿ ನನ್ನ ಪಾದವನ್ನು ಹಬೆಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಅಚ್ಚಿಗೆ ಸಿಕ್ಕಿಸಿ ಬಗ್ಗಿಸಿದರು. ಹಿಡಿಗೆ ಬೆತ್ತ ಸೇರಿಸಿ, ಅಂಟು ಹಾಕಿ, ಮೈ ಉಜ್ಜಿ ಬಣ್ಣ ಬಳಿದರು. ಅಲ್ಲಿಂದ ಲಾರಿಯಲ್ಲಿ ಹುಬ್ಬಳ್ಳಿಯ ಆಟದ ಸಾಮಾನಿನ ಅಂಗಡಿಗೆ ಬಂದೆ.

ನನ್ನನ್ನು ಕೊಂಡವರು ಪೀರಸಾಬ ನದಾಫ. ರೈಲ್ವೆಯಲ್ಲಿ ಹಾಕಿ ಆಡಿ ನಿವೃತ್ತರಾದವರು. ಬೆಟಗೇರಿಯ ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಅಂಗಡಿಯಲ್ಲಿದ್ದ ಸ್ಟಿಕ್‌ಗಳನ್ನೆಲ್ಲ ನೆಲಕ್ಕೆ ಕುಟ್ಟಿ ಸದ್ದು ಕೇಳಿ, ಕೊನೆಗೆ ನನ್ನನ್ನು ಆರಿಸಿ ವನಜಾಕ್ಷಿ ಗಂಜಿ ಎಂಬ ಶಿಷ್ಯೆಯ ಕೈಗೆ ಕೊಟ್ಟರು.

ವನಜಾಕ್ಷಿ ಆಗ ಹೈಸ್ಕೂಲಿನ ಹುಡುಗಿ. ತಂದೆ ಇರಲಿಲ್ಲ. ತಾಯಿ ನೀಲವ್ವ ನೇಕಾರರ ಓಣಿಯಲ್ಲಿ ಮಗ್ಗದವರಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಮಗಳ ಕೈಯಲ್ಲಿ ನನ್ನನ್ನು ಕಂಡು ರಾಟಿ ನಿಲ್ಲಿಸಿದಳು.

“ಸಾಬರ, ಹೆಣ್ಣ ಹುಡುಗಿ ಬಡಿಗಿ ಹಿಡಕೊಂಡು ಊರ ತುಂಬ ಓಡ್ಯಾಡಿದ್ರ ನಾಳೆ ಯಾರ ಮಾಡ್ಕೋತಾರ್ರೀ?”

“ಅಕ್ಕಾರ, ಆಕಿ ನಿಮಗಷ್ಟ ಅಲ್ಲ, ನನಗೂ ಮಗಳ. ಆಕೀಗೆ ಏನೂ ಆಗದಂಗ ನೋಡ್ಕೊಳ್ಳೋದು ನನ್ನ ಜವಾಬ್ದಾರಿ,” ಎಂದರು ಪೀರಸಾಬರು.

ನೀಲವ್ವ ಆ ಮಾತನ್ನು ನಂಬಿದಳು. ವನಜಾಕ್ಷಿಯೂ ನಂಬಿದಳು.

ಗರಸು ನೆಲದ ಆ ಮೈದಾನದಲ್ಲಿ ನನ್ನ ಬಣ್ಣ ಬೇಗನೆ ಹೋಯಿತು. ಅವಳ ಮೊಣಕಾಲಿನ ಚರ್ಮವೂ ಹೋಯಿತು. ಚೆಂಡು ನನ್ನ ಪಾದಕ್ಕೆ ಅಂಟಿಕೊಂಡಂತೆ ಓಡುತ್ತಿದ್ದಳು. ಎದುರಿನವರು ಎಡಕ್ಕೆ ವಾಲಿದರೆ ಬಲಕ್ಕೆ ನುಗ್ಗುತ್ತಿದ್ದಳು. ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು, ಆಮೇಲೆ ಭಾರತ ತಂಡದ ಶಿಬಿರಕ್ಕೆ ಕರೆ ಬಂತು. ಅಲ್ಲಿ ಹೊಳೆಯುವ ಹೊಸ ಸ್ಟಿಕ್‌ಗಳನ್ನು ಕೊಟ್ಟರು. ಅಭ್ಯಾಸಕ್ಕೆ ಅವನ್ನು ಬಳಸಿದರೂ ಪಂದ್ಯಕ್ಕೆ ನನ್ನನ್ನೇ ಒಯ್ಯುತ್ತಿದ್ದಳು. ನೀಲಿ ಅಂಗಿ ತೊಟ್ಟು ಮೊದಲ ಸಲ ರಾಷ್ಟ್ರಗೀತೆಗೆ ನಿಂತಾಗ ಅವಳ ಅಂಗೈ ಒದ್ದೆಯಾಗಿ ನನ್ನ ಹಿಡಿ ಜಾರುತ್ತಿತ್ತು. ನನ್ನ ಬದುಕಿನಲ್ಲಿ ಹೆಮ್ಮೆಯ ಗಳಿಗೆ ಎಂದರೆ ಅದೊಂದೇ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಕ್ವಾಲಾಲಂಪುರದ ಟೂರ್ನಿ ಬಂತು.

ಸೆಮಿಫೈನಲ್‌ನಲ್ಲಿ ತಿರುಗುವಾಗ ಅವಳ ಬಲ ಮೊಣಕಾಲಿನಲ್ಲಿ ಏನೋ ‘ಟಕ್’ ಎಂದಿತು. ತಂಡದ ಡಾಕ್ಟರು ಮುಟ್ಟಿ ನೋಡಿ, ಇನ್ನು ಆಡಬಾರದು ಎಂದರು. ಮ್ಯಾನೇಜರ್ ಮಾತ್ರ, ಫೈನಲ್‌ಗೆ ನೀನು ಬೇಕೇ ಬೇಕು, ಇಂಜೆಕ್ಷನ್ ಕೊಡಿಸುತ್ತೇವೆ, ಸಂಜೆಯೊಳಗೆ ಯೋಚಿಸಿ ಹೇಳು ಎಂದರು. ಅವಳು ಕುಂಟುತ್ತ, ನನ್ನನ್ನೇ ಊರಿಕೊಂಡು ಹೋಟೆಲಿನ ಫೋನಿನ ಹತ್ತಿರ ಹೋದಳು. ಪೀರಸಾಬರಿಗೆ ಫೋನ್ ಹಚ್ಚಿದಳು.

“ಸರ್, ಭಾಳ ನೋವಾಗಾಕತ್ತೈತ್ರಿ. ಡಾಕ್ಟರ್ ಆಡಬ್ಯಾಡ ಅಂತಾರ. ಏನ್ ಮಾಡ್ಲಿ ಹೇಳ್ರಿ.”

ಅವರ ದನಿ ದೊಡ್ಡದು. ಫೋನಿನಾಚೆಯಿಂದ ನನಗೂ ಕೇಳಿಸಿತು.

“ನೋವು ಯಾರಿಗಿಲ್ಲ? ಇವತ್ತ ನೀ ಕುಂತ್ಯಂದ್ರ ನಿನ್ನ ಜಾಗಕ್ಕ ಇನ್ನೊಬ್ಬಾಕಿ ಬರ್ತಾಳ. ಮತ್ತ ನಿನ್ನ ಯಾರೂ ಕರಿಯಂಗಿಲ್ಲ. ಇಡೀ ಬೆಟಗೇರಿ ಟಿವಿ ಮುಂದ ಕುಂದರತೈತಿ. ಆಡು!”

“ಹೂಂ ರೀ ಸರ್,” ಎಂದಳು.

ಅವಳು ಆಡಿದಳು. ಪಟ್ಟಿ ಬಿಗಿದು ಆಡಿದಳು. ದ್ವಿತೀಯಾರ್ಧದಲ್ಲಿ ಇಬ್ಬರನ್ನು ದಾಟಿ ನನ್ನನ್ನು ಬೀಸಿದಳು. ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು, ಅವಳು ಚೀರಿದ ಸದ್ದು ಒಟ್ಟಿಗೇ ಕೇಳಿಸಿದವು. ಅವಳು ಬಿದ್ದಳು. ನಾನು ಅವಳ ಅಡಿಯಲ್ಲಿದ್ದೆ. ಆ ಒಂದು ಗೋಲಿನಿಂದ ಭಾರತ ಗೆದ್ದಿತು. ಗೆದ್ದವರ ಫೋಟೋ ತೆಗೆಯುವ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಆ ಫೋಟೋದಲ್ಲಿ ನಾನಿದ್ದೇನೆ. ಯಾರೋ ಹುಡುಗಿ ನನ್ನನ್ನು ಎತ್ತಿ ಹಿಡಿದು ನಗುತ್ತಿದ್ದಾಳೆ.

ಆಪರೇಷನ್ ತಡವಾಗಿ ಆಯಿತು. ಕಾಲು ನೆಟ್ಟಗಾಯಿತು, ಓಟ ಮಾತ್ರ ಬರಲಿಲ್ಲ. ಗೆದ್ದು ಬಂದ ತಂಡದವರು ಒಬ್ಬೊಬ್ಬರಾಗಿ ಅವಳನ್ನು ಮರೆತರು. ಓಣಿಯ ಮನೆಯಲ್ಲಿ ಅವಳು ಮಲಗಿದ್ದಳು, ನಾನು ತಲೆದಿಂಬಿನ ಹತ್ತಿರ ಗೋಡೆಗೆ ಆತು ನಿಂತಿದ್ದೆ.

ಒಂದು ದಿನ ಪೀರಸಾಬರು ಮೋಸಂಬಿ ಹಿಡಿದುಕೊಂಡು ಬಂದರು. ನೀಲವ್ವ ಚಹಾ ಕೊಟ್ಟಳು. ಅವರು ಕಾಲಿನ ವಿಷಯ ಎತ್ತಲಿಲ್ಲ. ಹೊರಡುವಾಗ ನನ್ನ ಕಡೆ ನೋಡಿದರು.

“ಜಬೀನಾ ಅಂತ ಒಬ್ಬಾಕಿ ಬಂದಾಳ. ಥೇಟ್ ನಿನ್ನಂಗ ಓಡ್ತಾಳ. ಚಲೋ ಸ್ಟಿಕ್ ಇಲ್ಲ ಆಕೀಗೆ. ಇದು ನಿನಗ ಇನ್ನ ಬೇಕಾಗಂಗಿಲ್ಲಲ್ಲ?”

ನೀಲವ್ವನ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. ವನಜಾಕ್ಷಿ ಗೋಡೆಯ ಕಡೆ ಮುಖ ತಿರುಗಿಸಿದಳು.

“ತಗೊಂಡ ಹೋಗ್ರಿ ಸರ್.”

ಅವರು ತೆಗೆದುಕೊಂಡು ಹೋದರು.

ಜಬೀನಾ ಒಳ್ಳೆಯ ಹುಡುಗಿ. ಆದರೆ ಕೆಲವೇ ತಿಂಗಳಲ್ಲಿ ನನ್ನ ಪಾದ ಸೀಳಿತು. ಅವಳಿಗೆ ಬೇರೆ ಸ್ಟಿಕ್ ಬಂತು. ನಾನು ಪೀರಸಾಬರ ಪಡಸಾಲೆಯ ಮೂಲೆ ಸೇರಿದೆ. ಅಲ್ಲಿದ್ದಾಗಲೇ ವನಜಾಕ್ಷಿಯ ಸುದ್ದಿ ಆಗಾಗ ಕಿವಿಗೆ ಬೀಳುತ್ತಿತ್ತು. ಹಾಕಿ ಆಡಿದ್ದಕ್ಕೆ ಸಿಕ್ಕಿದ ಕೆಲಸವೊಂದು ಅವಳಿಗೆ ಹುಬ್ಬಳ್ಳಿಯಲ್ಲಿತ್ತು. ಅಲ್ಲಿಯ ರೈಫಲ್ ಕ್ಲಬ್ಬಿಗೆ ಹೋಗತೊಡಗಿದ್ದಳಂತೆ. ಎಡಗಾಲಿನ ಮೇಲೆ ಭಾರ ಹಾಕಿ ನಿಂತು, ಪಿಸ್ತೂಲು ಹಿಡಿದ ತೋಳನ್ನು ಚಾಚಿ, ಉಸಿರು ಬಿಗಿಹಿಡಿದು ಗುರಿ ಇಡುತ್ತಿದ್ದಳಂತೆ. ಮೊದಮೊದಲು ಅವಳ ಗುಂಡು ಹಲಗೆಗೂ ತಾಗುತ್ತಿರಲಿಲ್ಲ, ಅಲ್ಲಿಯವರು ನಗುತ್ತಿದ್ದರು ಎಂದು ಜಬೀನಾ ಹೇಳಿದಳು.

“ಅದೂ ಒಂದು ಆಟ ಏನು? ನಿಂತಲ್ಲೇ ನಿಂದರೋದು! ಬೆವರೂ ಬರಂಗಿಲ್ಲ,” ಎಂದು ಪೀರಸಾಬರು ನಕ್ಕರು. “ಹಾಕಿಗೆ ದ್ರೋಹ ಮಾಡಿದಳು ಹುಡುಗಿ.”

ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ ಮಾಬೂಬಿ ಅಡುಗೆಮನೆಯಿಂದಲೇ ಕೇಳಿದಳು: “ಆಕೀಗೆ ಓಡಾಕ ಬರಲಾರದಂಗ ಮಾಡಿದವರು ಯಾರ್ರೀ?”

ಪೀರಸಾಬರು ಎದ್ದು ಹೊರಗೆ ಹೋದರು. ಆಮೇಲೆ ಆ ಮನೆಯಲ್ಲಿ ವನಜಾಕ್ಷಿಯ ಹೆಸರು ಎತ್ತುವವರಿರಲಿಲ್ಲ.

ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಪೇಪರಿನಲ್ಲಿ ಅವಳ ಚಿತ್ರ ಬಂತು. ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಪಿಸ್ತೂಲಿನಲ್ಲಿ ಬೆಳ್ಳಿ. ಅವಳು ಹಾಸಿಗೆ ಹಿಡಿದಾಗ ಒಬ್ಬರೂ ಇಣುಕದ ಓಣಿಯಲ್ಲಿ ಪಟಾಕಿ ಸಿಡಿಯಿತು. ಸನ್ಮಾನ ಸಮಿತಿ ಹುಟ್ಟಿತು. ಪೀರಸಾಬರಿಗೂ ವೇದಿಕೆಯ ಮೇಲೆ ಕುರ್ಚಿ ಇಟ್ಟರು.

ಅವರು ನನ್ನನ್ನು ಮೂಲೆಯಿಂದ ಎತ್ತಿದರು. ಎಣ್ಣೆ ತಿಕ್ಕಿದರು. ಸೀಳಿಗೆ ಅಂಟು ತುಂಬಿ ಹೊಸ ಟೇಪು ಸುತ್ತಿದರು. ಅವರಿಗೆ ವಯಸ್ಸಾಗಿತ್ತು.

ಸಭಾಭವನ ತುಂಬಿತ್ತು. ಅವಳು ನಮ್ಮ ಓಣಿಯ ಮಗಳು ಎಂದು ಒಬ್ಬರು, ನಮ್ಮ ಶಾಲೆಯ ಮಗಳು ಎಂದು ಇನ್ನೊಬ್ಬರು ಭಾಷಣ ಮಾಡಿದರು. ಕೊನೆಗೆ ನಿರೂಪಕ, ಅವಳ ಮೊದಲ ಗುರುಗಳಿಂದ ನೆನಪಿನ ಕಾಣಿಕೆ ಎಂದು ಕೂಗಿದ. ಪೀರಸಾಬರು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು. ಚಪ್ಪಾಳೆ ಬಿತ್ತು.

ಅವಳು ನನ್ನನ್ನು ನೋಡಿದಳು, ಆಮೇಲೆ ಅವರನ್ನು. ಆ ಚಪ್ಪಾಳೆಯೊಳಗೆ ಅವಳು ಹೇಳಿದ್ದು ನಮ್ಮಿಬ್ಬರಿಗೆ ಮಾತ್ರ ಕೇಳಿಸಿತು.

“ಸರ್, ಅವತ್ತ ನಾ ಕೋಚ್‌ಗೆ ಫೋನ್ ಹಚ್ಚಿರಲಿಲ್ರಿ. ನಮ್ಮಪ್ಪ ಇದ್ದಿದ್ರ ಏನ್ ಹೇಳ್ತಿದ್ದ ಅಂತ ಕೇಳಾಕ ಹಚ್ಚಿದ್ದೆ.”

ಪೀರಸಾಬರು ನನ್ನನ್ನು ಇನ್ನಷ್ಟು ಮುಂದೆ ಚಾಚಿದರು. ಅವಳು ಕೈ ಜೋಡಿಸಿ ನಮಸ್ಕರಿಸಿದಳು. ಜೋಡಿಸಿದ ಕೈಗೆ ಸ್ಟಿಕ್ ಕೊಡಲು ಬರುವುದಿಲ್ಲ. ಆಮೇಲೆ ವೇದಿಕೆಯ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಪೀರಸಾಬರು ನನ್ನನ್ನು ಕುರ್ಚಿಯ ಮೇಲೆ ಇಟ್ಟು ಮನೆಗೆ ಹೋದರು.

ಅಂದಿನಿಂದ ನಾನು ಈ ಸಭಾಭವನದಲ್ಲಿಯೇ ಇದ್ದೇನೆ. ಕಾವಲುಗಾರ ಯಲ್ಲಪ್ಪ ನನ್ನ ಬಾಗಿದ ಪಾದವನ್ನು ಬಾಗಿಲಿನ ಶಟರಿಗೆ ಸಿಕ್ಕಿಸಿ ಕೆಳಗೆಳೆಯುತ್ತಾನೆ. ಆ ಕೆಲಸಕ್ಕೆ ನಾನು ಚೆನ್ನಾಗಿ ಒಗ್ಗಿದ್ದೇನೆ. ಮದುವೆ, ನಾಮಕರಣ, ಸನ್ಮಾನ ಎಲ್ಲವನ್ನೂ ನೋಡುತ್ತೇನೆ. ಮೊನ್ನೆ ಒಂದು ಮದುವೆಗೆ ಪೀರಸಾಬರು ಬಂದಿದ್ದರು. ನನ್ನ ಮುಂದೆ ಬಹಳ ಹೊತ್ತು ನಿಂತರು.

“ಸಾಬರ, ಇದು ನಿಮ್ಮದೇನ್ರಿ? ಒಯ್ಯೋದಿದ್ರ ಒಯ್ರಿ,” ಎಂದ ಯಲ್ಲಪ್ಪ.

“ಇಲ್ಲಪಾ,” ಎಂದರು. “ಒಂದು ಹುಡುಗೀದು.”

ಅಷ್ಟು ಹೇಳಿ ಊಟಕ್ಕೆ ಕೂರದೆ ಹೊರಟುಹೋದರು. ಅವರ ಮೇಲಿನ ನನ್ನ ಸಿಟ್ಟು ಅದರಿಂದ ಇಳಿಯಲಿಲ್ಲ. ನನ್ನ ಹಳೆಯ ಸೀಳಿಗೆ ಅಂಟು ತುಂಬಿ, ಟೇಪು ಸುತ್ತಿ, ಒಣಗುವವರೆಗೆ ನೆಲಕ್ಕೆ ತಾಗಿಸದೆ ಕಾದವರು ಅವರು. ಕಟ್ಟಿಗೆಗೆ ಅಷ್ಟು ಮಾಡಿದವರಿಗೆ, ಒಂದೇ ಒಂದು ಸಲ, ‘ಆಡಬ್ಯಾಡ ಮಗಳ, ಮನೀಗೆ ಬಾ’ ಎನ್ನಲು ಆಗಲಿಲ್ಲ.