ಎದೆ ಎಣಿಸುವ ಬಾಗಿಲು

ಲಾಂಡ್ರಿ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟು ಬಟ್ಟೆಗೆ, ಮೆಟ್ಟಿಲು ಮನುಷ್ಯರಿಗೆ. ಹೋಟೆಲುಗಳ ಚಾದರದ ಗಂಟುಗಳು ಆರಾಮಾಗಿ ಮೇಲೇರುತ್ತಿದ್ದವು. ಅವನ್ನು ಒಗೆದು ಇಸ್ತ್ರಿ ಮಾಡುವ ಹೆಂಗಸರು ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತ ಹತ್ತಬೇಕು.

ಹತ್ತಿದ ಕೂಡಲೇ ಬಾಗಿಲಲ್ಲಿ ಹೊಸ ಕ್ಯಾಮೆರಾ. ಮೈ ಮುಟ್ಟುವುದಿಲ್ಲ, ಮುಖ ನೋಡಿಯೇ ಎದೆಬಡಿತ ಎಣಿಸುತ್ತದೆ. ಹಸಿರು ದೀಪ ಬಂದರೆ ಒಳಗೆ. ಬಡಿತ ಜೋರಾಗಿ ಕೆಂಪು ಬಂದರೆ ಮನೆಗೆ, ಆ ದಿನದ ಕೂಲಿಯಿಲ್ಲ. ಎಲ್ಲಾ ನಿಮ್ಮ ಆರೋಗ್ಯಕ್ಕೇ ಎಂದು ಮಾಲೀಕರು ಹೇಳಿ ಕಳಿಸಿದ್ದರು. ಮೂರು ಸಲ ಕೆಂಪಾದರೆ ಕೆಲಸವೇ ಇಲ್ಲ ಎಂಬುದನ್ನು ಮೇಸ್ತ್ರಿ ಆಮೇಲೆ ಮೆಲ್ಲಗೆ ಸೇರಿಸಿದ್ದ.

ಅಲ್ಲಿ ಕೆಲಸಕ್ಕಿದ್ದ ಅತ್ತೆ ಸೊಸೆಯರಲ್ಲಿ ಅತ್ತೆಗೆ ಆಗಲೇ ಎರಡು ಸಲ ಕೆಂಪಾಗಿತ್ತು. ಇವತ್ತು ಸೊಸೆ ಅವಳ ಬೆನ್ನಿಗೇ ಹತ್ತಿದಳು. ಒಂದು ಗಳಿಗೆ ಕೂತುಕೊಳ್ಳಿ ಎಂದರೆ ಮುದುಕಿ ಕೇಳಬೇಕಲ್ಲ. ಕೂತರೆ ತಡ, ತಡವಾದರೆ ಅರ್ಧ ಕೂಲಿ.

ಕೆಂಪೇ ಬಂತು.

"ನಿಮ್ಮ ಎದೆ ವೀಕು ಅಜ್ಜಿ. ಏಪ್ರನ್ ಕೊಟ್ಟು ಹೋಗಿ, ಮನೇಲಿ ಹಾಯಾಗಿರಿ," ಎಂದ ಮೇಸ್ತ್ರಿ.

"ಮೆಟ್ಟಿಲು ಹತ್ತಿಸಿ ಎಣಿಸಿದ್ರೆ ಕುದುರೆಗೂ ಕೆಂಪೇ ಕಣಪ್ಪಾ. ನಿಮ್ಮ ಚಾದರಾನೂ ಒಂದ್ಸಲ ನಡ್ಕೊಂಡು ಬರ್ಲಿ, ನೋಡೋಣ."

ಮಂಡಿ ಹಿಡಿದು ಏದುಸಿರು ಬಿಡುವ ಚಾದರ ಸೊಸೆಯ ಕಣ್ಣಿಗೆ ಕಟ್ಟಿತು. ಇಂಥ ಹೊತ್ತಲ್ಲಿ ನಗಬಾರದೆಂದು ಅವಳಿಗೂ ಗೊತ್ತು. ನಗುವ ಹೆಂಗಸನ್ನು ನಂಬಬಾರದು ಎಂದು ಅತ್ತೆ ದಿನಾ ಬೈಯುತ್ತಿದ್ದುದೂ ಇದಕ್ಕೇ. ಆದರೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಕ್ಯಾಮೆರಾದ ಮುಂದೆ ನಿಂತಳು. ಮುಖ ಕುಲುಕಿದ್ದಕ್ಕೋ, ಎದೆ ಹಾರಿದ್ದಕ್ಕೋ, ಅವಳಿಗೂ ಕೆಂಪು.

ಹಿಂದಿದ್ದವಳು ದೀಪ ನೋಡಿದಳು, ಅತ್ತೆಯ ಮುಖ ನೋಡಿದಳು. ಸಾಲಿನಲ್ಲಿದ್ದ ಅರ್ಧ ಜನಕ್ಕೆ ಇಸ್ತ್ರಿ ಹಿಡಿಯಲು ಕಲಿಸಿದವಳೇ ಆ ಮುದುಕಿ. ಹಿಂದಿದ್ದವಳೂ ಬೇಕೆಂದೇ ನಕ್ಕಳು. ಕೆಂಪು. ನಗು ಮೆಟ್ಟಿಲಿಳಿದು ಬೀದಿಯವರೆಗೆ ಹೋಯಿತು. ಒಬ್ಬಳಿಗೂ ಹಸಿರಿಲ್ಲ.

ಒಳಗೆ ಚಾದರ ಗುಡ್ಡೆ ಬಿದ್ದಿತ್ತು. ಹೋಟೆಲಿನವರಿಂದ ಫೋನ್ ಮೇಲೆ ಫೋನ್. ಮೇಸ್ತ್ರಿ ಮೊದಲು ಗದರಿದ, ಆಮೇಲೆ ಅಂಗಲಾಚಿದ.

"ಸ್ವಲ್ಪ ಹೊತ್ತು ಏನಾದ್ರೂ ದುಃಖದ್ದು ನೆನಪು ಮಾಡ್ಕೊಳ್ರಮ್ಮಾ."

"ಅಳೋದು ನಮ್ಮ ಕೆಲಸದಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಕೂಲಿ," ಎಂದಳು ಸೊಸೆ. "ಅತ್ತೆ ಒಳಗೆ ಹೋಗ್ಲಿ. ನಾಳೆಯಿಂದ ನಾವೂ ಲಿಫ್ಟಲ್ಲೇ ಬರ್ತೀವಿ. ಆಮೇಲೆ ಎಷ್ಟು ಬೇಕಾದ್ರೂ ಎಣಿಸ್ಕೊಳ್ಳಿ."

ಮಾಲೀಕರನ್ನು ಕೇಳಬೇಕು ಎಂದ ಮೇಸ್ತ್ರಿ. ಕೇಳಿ ಬನ್ನಿ, ಅಲ್ಲೀತನಕ ನಗುತ್ತಿರುತ್ತೇವೆ ಎಂದು ಎಲ್ಲರೂ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೊಸೆ ತಾನು ಕಂಡ ಚಾದರದ ಅವಸ್ಥೆಯನ್ನು ಅತ್ತೆಯ ಕಿವಿಯಲ್ಲಿ ಹೇಳಿದಳು. ಬೈಯಲೆಂದು ಬಾಯಿ ತೆರೆದ ಮುದುಕಿಗೂ ನಗು ಉಕ್ಕಿತು.

ಮರುದಿನ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ದೊಡ್ಡದೊಂದು ಗಂಟು ಕೂತಿತ್ತು. ಅತ್ತೆ ಮೊದಲು ಹತ್ತಿದಳು.

"ಸ್ವಲ್ಪ ಸರ್ಕೋ ತಾಯಿ," ಎಂದಳು ಗಂಟಿಗೆ. "ಇನ್ನೂ ಜನ ಇದ್ದಾರೆ."